ಎತ್ತು ಎಳೆಯಿತು, ಎತ್ತಿದವರು ಯಾರು?

ಕುಂದಗೋಳದ ಹತ್ತಿರದ ಸಂಶಿಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೆರಡೇ ದಿನ. ಎರಿ ಮಣ್ಣು ಕಲಸಿಟ್ಟ ಬುಟ್ಟಿ ಕಟ್ಟೆಯ ಮೇಲಿತ್ತು. ಅಂಗಳದಲ್ಲಿ ಮಿನಿ ಟ್ರ್ಯಾಕ್ಟರು ಮಳೆಗೆ ತೊಯ್ದು ನಿಂತಿತ್ತು. ಜೋಡೆತ್ತು ಮೇಯುತ್ತಿದ್ದ ಗ್ವಾದಲಿಯಲ್ಲಿ ಈಗ ಡೀಸೆಲ್ ಕ್ಯಾನು, ಗ್ರೀಸ್ ಡಬ್ಬಿ, ಒಂದು ಹಳೇ ಟ್ಯೂಬು. ಕಾಕಾನ ಅಣ್ಣನ ಮಗಳು ಪುಣೆಯಿಂದ ಹಬ್ಬಕ್ಕೆ ಬಂದಿದ್ದಳು, ಮೊಬೈಲು ಹಿಡಿದು ಕೂತಿದ್ದಳು. ಕಾಕಾ ಎಲೆಗೆ ಸುಣ್ಣ ಸವರುತ್ತಿದ್ದರು.

ಕಾಕಾ: ಏನವ್ವಿ, ಅರ್ಧಾ ತಾಸಾತು, ಅದರಾಗ ಏನು ಹುಡುಕಾಕತ್ತೀ?

ಹುಡುಗಿ: ಇಲ್ಲಿ ನೋಡ್ರಿ ಕಾಕಾ. ನಾಕು ಗಾಲಿ ಗಾಡಿ, ಎಟಿವಿ ಅಂತಾರ. ಮೋಟರ್ ಸೈಕಲ್ ಹತ್ತಿದಂಗ ಹತ್ತಿ ಕುಂದ್ರೂದು. ಮುಂದ ಒಂದು ಬಕೆಟ್ ಹಚ್ಯಾರ, ಹಿಂದ ಎತ್ತೋ ತೋಳು. ಅಮೆರಿಕಾದಾಗ ಒಬ್ಬಾಕಿ ಮುದುಕಿ ಕುಂತಲ್ಲೆ ಕುಂತು ಕುದುರಿ ಲದ್ದಿ ಎತ್ತಿ ಹಾಕಾಕತ್ತಾಳ. ಟೊಂಕ ಬಗ್ಗಸಂಗಿಲ್ಲ.

ಕಾಕಾ: ಅಕಿ ಊರಾಗ ಎರಿ ಭೂಮಿ ಇಲ್ಲ ಬಿಡು.

ಹುಡುಗಿ: ಗಾಲಿ ನೋಡ್ರಿ, ಎಷ್ಟ ದಪ್ಪ. ಗಾಳಿ ಬಾಳ ಕಡಿಮಿ ತುಂಬಿರ್ತಾರ. ಗಾಡಿ ತೂಕ 3 ಕ್ವಿಂಟಲ್ ಅಷ್ಟ. ನೆಲಾ ಒತ್ತಂಗಿಲ್ಲ, ಹಂಗಾಗಿ ಹುಗಿಯಂಗಿಲ್ಲ.

ಕಾಕಾ: ಹುಗಿಯೂದು ಬ್ಯಾರೆ, ಬಡಕೊಳ್ಳೂದು ಬ್ಯಾರೆ. ನಮ್ಮ ಮಣ್ಣು ಹಸಿ ಇದ್ದಾಗ ಗಾಲಿಗೆ ರೊಟ್ಟಿ ಬಡದಂಗ ಬಡಕೊಂತೈತಿ. ಹತ್ತು ಮಾರು ಹೋಗೂದ್ರಾಗ ಗಾಲಿ ಇಮ್ಮಡಿ ಆಗಿ, ಮಡ್‌ಗಾರ್ಡಿಗೆ ತುರುಕಿ ನಿಂತ ಬಿಡ್ತೈತಿ. ಕಟಗಿ ತಗೊಂಡು ಕೆರಕೋತ ಹೋಗಬೇಕು. ಹೆಸರ ಕಾಯಿ ಬಿಡಿಸೋ ದಿನದಾಗ ಮಳಿ ಹಿಡೀತಂದ್ರ ಬೆಣ್ಣಿಹಳ್ಳದ ಕಡೆ ಹೊಲಕ್ಕ ಯಾವ ಗಾಲೀನೂ ಹೋಗಂಗಿಲ್ಲ, ಕಾಲ ಹೋಗಬೇಕು. ‘ನಮ್ಮ ಹೊಲ ನಮ್ಮ ದಾರಿ’ ಅಂತ ಸರಕಾರದ ಯೋಜನಾ ಐತಿ. ದಾರಿ ಹೊಲದ ಮಟಾ ಬರ್ತೈತಿ, ಹೊಲದೊಳಗ ಬರಂಗಿಲ್ಲಲ್ಲ. ಅದು ಬಿಡು, ಇದರ ರೇಟು ಎಷ್ಟು?

ಹುಡುಗಿ: ಒಂದು ಚಲೋ ಮಿನಿ ಟ್ರ್ಯಾಕ್ಟರಿಗಿಂತ ಹೆಚ್ಚು. ಮತ್ತ ಇಂಥಾ ಗಾಡಿ ಬಹಳಷ್ಟಕ್ಕ ನಮ್ಮ ದೇಶದಾಗ ರಸ್ತೇಕ ಇಳಿಯೋ ನೋಂದಣೀನ ಇಲ್ಲ. ಪೊಲಾರಿಸ್ ಕಂಪನಿಯವರು ಒಂದು ಮಾದರಿಯನ್ನ ಟ್ರ್ಯಾಕ್ಟರ್ ಲೆಕ್ಕದಾಗ ನೋಂದಣಿ ಮಾಡಿಸಿ ಮಾರ್ಯಾರ.

ಕಾಕಾ: ಅಂದ್ರ ತಿರುಗಿ ಮುರುಗಿ ಅದೂ ಟ್ರ್ಯಾಕ್ಟರ ಆತು. ನಮ್ಮದು ನಿಂತೈತಲ್ಲ ಅಂಗಳದಾಗ.

ಹುಡುಗಿ: ನಿಂತೈತಿ. ಆದ್ರ ನಿನ್ನಿ ನಾಕು ಗೊಬ್ಬರ ಚೀಲ ಅದರ ಟ್ರೇಲರ್ ಡಬ್ಬಿಗೆ ಏರಿಸಿದವರು ಯಾರು? ಟ್ರ್ಯಾಕ್ಟರ್ ಏರಿಸಲಿಲ್ಲ. ಕಾಕಿ ಒಂದು ಕಡೆ ಹಿಡದ್ರು, ನೀವು ಒಂದು ಕಡೆ. ಅದಕ್ಕ ಇದನ್ನ ತೋರಸಾಕತ್ತೀನಿ. ಗಾಡಿ ಬ್ಯಾಡ, ಆ ತೋಳು ನೋಡ್ರಿ.

(ಕಾಕಾ ಎಲೆ ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಮಾತಾಡಿದಾಗ ಎಲ್ಲಿಂದಲೋ ಸುರು ಮಾಡಿದರು.)

ಕಾಕಾ: ಎತ್ತು ಅಂತ ಹೆಸರಿಟ್ರು ನೋಡು ಹಿರೇರು. ಎತ್ತೂದು ಮಾತ್ರ ಅದಕ್ಕ ಬರತಿರಲಿಲ್ಲ. ಜಗ್ಗತಿತ್ತು. ಸಾಯೂತನಕ ಜಗ್ಗತಿತ್ತು. ಚಕ್ಕಡಿ ತುಂಬಬೇಕಂದ್ರ ಮನಶ್ಯಾನ ಬೇಕು, ಇಳಸಾಕೂ ಮನಶ್ಯಾನ ಬೇಕು. ಜಾತ್ರ್ಯಾಗ ನೋಡಿಯಲ್ಲ? ತೆರಬಂಡಿ ಹೂಡತಾರ. ಉಸುಕಿನ ಚೀಲ ಹೇರಿ, ಎಷ್ಟು ದೂರ ಎಳೀತಾವ ಅಂತ ಎತ್ತಿಗೆ ಪಂದ್ಯ. ಎತ್ತೋ ಪಂದ್ಯ ಯಾರಿಗೆ? ಗುಂಡು ಎತ್ತೂದು, ಸಂಗ್ರಾಣಿ ಕಲ್ಲು ಎತ್ತೂದು, ಜ್ವಾಳದ ಚೀಲಾ ಎತ್ತೂದು, ಎಲ್ಲಾ ಹುಡುಗೂರಿಗೆ. ಎತ್ತಿಗೆ ಎಳಿಯೂದು, ಮನಶ್ಯಾಗ ಎತ್ತೂದು ಅಂತ ಕೆಲಸ ಪಾಲ ಆಗಿತ್ತು.

ಹುಡುಗಿ: ಕಪಿಲಿ ಬಾವಿ? ಅಲ್ಲಿ ಎತ್ತ ಅಲ್ಲೇನು ನೀರು ಎತ್ತತಿದ್ದದ್ದು?

ಕಾಕಾ: ಅಲ್ಲೂ ಎತ್ತು ಎಳಿಯೂದ. ಇಳಿಜಾರಿನಾಗ ಮುಂದಕ್ಕ ಹೋಗತಿತ್ತು ಅಷ್ಟ. ಎತ್ತಿದ್ದು ಮ್ಯಾಲಿನ ಗಾಲಿ, ಮತ್ತ ಹಗ್ಗ.

ಹುಡುಗಿ: ಕಾಕಾ, ನೀವ ಹೇಳಿಬಿಟ್ರಿ. ಹೈಡ್ರಾಲಿಕ್ ಮಾಡೂದೂ ಅದನ್ನ. ಇದ್ದ ಬಲದ ದಿಕ್ಕು ತಿರುಗಿಸಿ ಎತ್ತೂದು ಮಾಡೂದು. ಹಗ್ಗದ ಜಾಗಾದಾಗ ಎಣ್ಣಿ. ಟ್ರ್ಯಾಕ್ಟರಿನ ಹೊಟ್ಟ್ಯಾಗ ಒಂದು ಪಂಪು ಐತಿ, ಎಂಜಿನ್ ಅದನ್ನ ತಿರುಗಸ್ತೈತಿ. ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋದಷ್ಟು ಒತ್ತಿ ಎಣ್ಣಿ ಬಿಡ್ತೈತಿ ಅಂತ ಹಿಡೀರಿ. 8 ಸೆಂಟಿಮೀಟರ್ ಅಗಲದ ಪಿಸ್ಟನ್ ಇದ್ರ ಅದರ ಮುಖ 50 ಚದರ ಸೆಂಟಿಮೀಟರ್. 150ಕ್ಕ 50ರಿಂದ ಗುಣಸ್ರಿ.

ಕಾಕಾ: ಏಳೂವರಿ ಸಾವಿರ. 75 ಕ್ವಿಂಟಲ್ ಆತಲ್ಲ! ಹಂಗಿದ್ರ ದೊಡ್ಡ ಟ್ರ್ಯಾಕ್ಟರಿಗೂ ಹದಿನೈದು ಕ್ವಿಂಟಲ್ ಎತ್ತತೈತಿ ಅಂತ ಯಾಕ ಬರೀತಾರ?

ಹುಡುಗಿ: ಪಿಸ್ಟನ್ ಸರಿಯೂದು ಒಂದು ಗೇಣೂ ಇಲ್ಲ. ತೋಳಿನ ತುದಿ ಎರಡು ಫೂಟು ಮ್ಯಾಲೆ ಏಳಬೇಕು. ಎತ್ತರ ಗಳಿಸಿದಷ್ಟು ಬಲ ಕಳಕೊಳ್ಳಬೇಕು, ಪುಕ್ಕಟ ಯಾವುದೂ ಇಲ್ಲ. ಆಮ್ಯಾಲೆ ಆ ಹದಿನೈದು ಕ್ವಿಂಟಲ್ ಅನ್ನೂದು ತೋಳಿನ ತುದಿಯಾಗ ಅಳದದ್ದು. ನೀವು ಭಾರಾ ಅದಕ್ಕಿಂತ ಎರಡು ಫೂಟು ಹಿಂದ ಕಟ್ಟಿದ್ರ ಅಷ್ಟು ಏಳಂಗಿಲ್ಲ. ನಮ್ಮ ಮಿನಿ ಏಳೆಂಟು ಕ್ವಿಂಟಲ್ ಎತ್ತತೈತಿ ಅಂತಾರ. ನಾವು ನಾಕೈದಕ್ಕ ನಿಂತ್ರ ಚಲೋ.

ಕಾಕಾ: ಈ ತೋಳು ಮೊದಲ ಹುಟ್ಟಿದ್ದು ಭಾರಾ ಎತ್ತಾಕ ಅಂತೇನು?

ಹುಡುಗಿ: ಅಲ್ರಿ. ಜೀವಾ ಉಳಸಾಕ. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಅಂತ ಒಬ್ಬಾಂವ. ರೈತನ ಮಗ, 1884ರಾಗ ಹುಟ್ಟಿದಾಂವ. ಮೊದಲನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಟ್ರ್ಯಾಕ್ಟರ್ ಬಂದಿದ್ವು, ಆದ್ರ ನೇಗಲಾನ ಎತ್ತಿಗೆ ಕಟ್ಟಿದಂಗ ಹಿಂದ ಸರಪಳಿಯಿಂದ ಕಟ್ಟಿ ಜಗ್ಗಸೂದು. ನೇಗಲಾ ಕಲ್ಲಿಗೋ ಬೇರಿಗೋ ಸಿಕ್ಕೊಂತು ಅಂದ್ರ ಹಿಂದಿನ ಗಾಲಿ ತಿರುಗತಾನ ಇರ್ತೈತಿ, ಮೂತಿ ಮ್ಯಾಲೆದ್ದು ಟ್ರ್ಯಾಕ್ಟರ್ ಹಿಂದಕ್ಕ ಮಗಚತಿತ್ತು, ಓಡಸಾಂವನ ಮ್ಯಾಲ. ಫರ್ಗ್ಯೂಸನ್ ಮೂರು ಕೀಲಿನ ಜೋಡಣಿ ಮಾಡಿದ. ಕೆಳಗ ಎರಡು ತೋಳು ಜಗ್ಗತಾವ, ಮ್ಯಾಲಿನ ಒಂದು ಮುಂದಕ್ಕ ಒತ್ತತೈತಿ. ನೇಗಲಾ ಸಿಕ್ಕೊಂಡಷ್ಟೂ ಮೂತಿ ಕೆಳಗ ಒತ್ತಿ ಹಿಡೀತೈತಿ. 1933ರಾಗ ಕಪ್ಪು ಬಣ್ಣದ ಒಂದ ಒಂದು ಟ್ರ್ಯಾಕ್ಟರ್ ಕಟ್ಟಿ ತೋರಿಸಿದ. 1938ರಾಗ ಅಮೆರಿಕಾಕ್ಕ ಹೋಗಿ ಹೆನ್ರಿ ಫೋರ್ಡ್ ಜೋಡಿ ಬರೇ ಕೈ ಕುಲುಕಿ ಒಪ್ಪಂದ ಮಾಡಕೊಂಡ, ಕಾಗದ ಇಲ್ಲ.

ಕಾಕಾ: ಕಾಗದ ಇಲ್ಲದ ವ್ಯವಹಾರ ಅಂದ್ರ ಕೋರ್ಟಿಗೆ ಹೋಗಿರಬೇಕಲ್ಲ.

ಹುಡುಗಿ: ಹೋದ್ರು. ಫೋರ್ಡ್ ಮೊಮ್ಮಗ ಕಂಪನಿಗೆ ಬಂದ ಮ್ಯಾಲೆ ಕೈ ಕುಲುಕಿದ್ದು ಮರತರು. 1952ರಾಗ ಫರ್ಗ್ಯೂಸನ್‌ಗ 92 ಲಕ್ಷ 50 ಸಾವಿರ ಡಾಲರ್ ಕೊಟ್ಟು ಖಟ್ಲೆ ಮುಗಿಸಿದ್ರು. ಅಷ್ಟರೊಳಗ ಅಂವ ಇಂಗ್ಲೆಂಡಿನಾಗ ತನ್ನದ ಸಣ್ಣ ಬೂದಿ ಬಣ್ಣದ ಟ್ರ್ಯಾಕ್ಟರ್ ಸುರು ಮಾಡಿದ್ದ. ಹತ್ತು ವರ್ಷದಾಗ 5 ಲಕ್ಷಕ್ಕೂ ಹೆಚ್ಚು ಹೊರಬಿದ್ದಾವ. ನಮ್ಮ ಕಡೆ ಮ್ಯಾಸಿ ಅಂತೀರಲ್ಲ, ಮ್ಯಾಸಿ ಫರ್ಗ್ಯೂಸನ್, ಆ ಹೆಸರಿನಾಗ ಉಳದಾನ ಅಂವ. ಮದ್ರಾಸಿನಾಗ ಟಾಫೆ 1960ರಾಗ ಹುಟ್ಟಿದ್ದೂ ಆ ಕಂಪನಿ ಜೋಡಿ. ಈಗ ಯಾವ ಕಂಪನಿ ಟ್ರ್ಯಾಕ್ಟರ್ ತಗೊಳ್ರಿ, ಹಿಂದಿನ ಮೂರು ಕೀಲು ಅಂವಂದ.

ಕಾಕಾ: ನಾವು ಕುಂಟಿ, ಕೂರಿಗಿ, ರೂಟರ್ ಹಚ್ಚತೀವಿ, ತಿರುವಿನಾಗ ಎತ್ತತೀವಿ, ಇಳಸತೀವಿ. ಇದರಾಗ ಸಾಮಾನು ಎತ್ತಬೇಕು ಅನ್ನೂದು ತೆಲಿಗೇ ಬಂದಿಲ್ಲ ನೋಡು. ಯಾಕಂದ್ರ ಎತ್ತಾಕ ಮಂದಿ ಇದ್ರು.

ಹುಡುಗಿ: ಮಂದಿ ಅಂದ್ರ ಯಾರು?

ಕಾಕಾ: ಮಂದಿ ಅಂದ್ರ... ಕೂಲಿಗೆ ಬರೋರು. ಹೆಣ್ಮಕ್ಕಳು.

ಹುಡುಗಿ: ಅವರಿಗೆ ಕೂಲಿ ಯಾತಕ್ಕ ಕೊಡತೀರಿ?

ಕಾಕಾ: ಮೆಣಸಿನಕಾಯಿ ಬಿಡಸಾಕ. ದಿನದ ಲೆಕ್ಕ, ಇಲ್ಲಾ ತೂಕದ ಲೆಕ್ಕ. ಹತ್ತಿ ಆದ್ರ ಕಿಲೋದ ಲೆಕ್ಕ.

ಹುಡುಗಿ: ಬಿಡಿಸಿದ್ದನ್ನ ಬದುವಿಗೆ ತಂದು ಹಾಕೂದಕ್ಕ?

ಕಾಕಾ: ಅದಕ್ಕೆಲ್ಲಿ ಕೂಲಿ? ಅದು ಅದರಾಗ ಬಂತು.

ಹುಡುಗಿ: ಹುಬ್ಬಳ್ಳಿ ಅಮರಗೋಳ ಎಪಿಎಂಸಿ ಹಮಾಲರಿಗೆ?

ಕಾಕಾ: ಅವರಿಗೆ ಚೀಲದ ಲೆಕ್ಕ. ಎತ್ತಿದ್ದಕ್ಕ ಇಷ್ಟು, ಇಳಿಸಿದ್ದಕ್ಕ ಇಷ್ಟು. ಹಮಾಲಿ ಅಂತ ಪಟ್ಟ್ಯಾಗ ಬ್ಯಾರೆ ಕಲಮು.

ಹುಡುಗಿ: ಅದ ಚೀಲಾ, ಕಾಕಾ. ಹುಬ್ಬಳ್ಳ್ಯಾಗ ಗಂಡಸು ಎತ್ತಿದ್ರ ರೊಕ್ಕ ಹುಟ್ಟತೈತಿ. ಸಂಶಿ ಹೊಲದಾಗ ಹೆಂಗಸು ಎತ್ತಿದ್ರ ಅದು ಲೆಕ್ಕದಾಗ ಇಲ್ಲ. ಎತ್ತೂದಕ್ಕ ಮಷೀನು ಯಾಕ ಬರಲಿಲ್ಲ ಅಂದ್ರ ಇದಕ್ಕ. ಪುಕ್ಕಟ ಸಿಗೋ ಕೆಲಸಕ್ಕ ಯಾರು ಹೈಡ್ರಾಲಿಕ್ ಹಚ್ಚತಾರ? ಬಿತ್ತಾಕ ಆಳು ಸಿಗಲಿಲ್ಲ, ಟ್ರ್ಯಾಕ್ಟರ್ ಕೂರಿಗಿ ಬಂತು. ಕಳೇಕ್ಕ ಆಳು ಸಿಗಲಿಲ್ಲ, ಕಳೆ ಕೊಲ್ಲೋ ಎಣ್ಣಿ ಬಂತು. ಹೊರೂದಕ್ಕ ಮಾತ್ರ ಬಿಡಸಾಕ ಬಂದಾಕೀನ ಅದಾಳ. ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಅದನ್ನ ತೆಲಿ ಮ್ಯಾಲೆ ಹೊತ್ತಾಕಿಗೆ ಒಂದು ಸಿಂಬಿ, ಅದೂ ಅಕೀದ ಹರಕ ಸೀರೀದು.

(ಇಲ್ಲಿ ಕಾಕಾನಿಗೆ ಸಿಟ್ಟು ಬರಬಹುದಿತ್ತು. ಬರಲಿಲ್ಲ.)

ಕಾಕಾ: ನಾವು ಸಣ್ಣವರಿದ್ದಾಗ ಚೀಲಾ ಅಂದ್ರ ಕ್ವಿಂಟಲ್. ಒಬ್ಬನ ಬೆನ್ನಿಗೆ ಇಬ್ಬರು ಎತ್ತಿ ಕೊಡೋರು. ಮಣಕಾಲು ನಡಗೂದು ಕಾಣತಿತ್ತು. ಈಗ 50 ಕಿಲೋ ಆಗ್ಯಾವ ಬಿಡು.

ಹುಡುಗಿ: ಜಿನೀವಾದಾಗ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಾಗ ಒಂದು ಮಾತು ಹೇಳೈತಿ. ಒಬ್ಬ ಗಂಡಸು ಕೈಯಾರೆ ಹೊರೋ ಭಾರ 55 ಕಿಲೋ ದಾಟಬಾರದು, ಹೆಂಗಸರಿಗೆ ಅದಕ್ಕಿಂತ ಸಾಕಷ್ಟು ಕಡಿಮಿ ಇರಬೇಕು ಅಂತ.

ಕಾಕಾ: ಯೂರಿಯಾ ಚೀಲಾ 2018ರಾಗ 45 ಕಿಲೋ ಮಾಡಿದ್ರು. ಬೆನ್ನಿನ ಮ್ಯಾಲಿನ ಕರುಣಾಕ್ಕಲ್ಲ, ರೈತರು ಚೀಲದ ಲೆಕ್ಕದಾಗ ಹಾಕತಾರ, ಹಂಗಾರ ಕಡಿಮಿ ಹಾಕಲಿ ಅಂತ. ಡಿಎಪಿ ಇನ್ನೂ 50 ಐತಿ. ಈಗ ತೋಳಿನ ಮಾತಿಗೆ ಬಾ. ಆ ನಿನ್ನ ನಾಕು ಗಾಲಿ ಗಾಡ್ಯಾಗ ತೋಳು ಹೆಂಗ ಏಳತೈತಿ? ಅದರಾಗೂ ಎಣ್ಣಿ ಪಂಪು ಐತೇನು?

ಹುಡುಗಿ: ಬಾಳಷ್ಟರಾಗ ಇಲ್ಲ. ಬ್ಯಾಟರಿ ಮ್ಯಾಲೆ ನಡಿಯೋ ವಿಂಚು ಇರ್ತೈತಿ. ತಂತಿ ಹಗ್ಗ ಸುತ್ತಿಕೊಳ್ಳೋ ಗಾಲಿ. ಹುದಲಿನಾಗ ಸಿಕ್ಕ ಗಾಡಿ ಜಗ್ಗಾಕ ಅಂತ ಕೊಟ್ಟದ್ದು. ಮಂದಿ ಅದರಿಂದ ಮುಂದಿನ ಹಲಗಿ ಎತ್ತತಾರ. ಕೆಲವರು ಸಣ್ಣ ಕ್ರೇನ್ ಮಾಡಿ ಬೇಟಿ ಆಡಿದ ಹರಿಣಿ, ಕಟಗಿ ತುಂಡು ಎತ್ತತಾರ. ಅಲ್ಲೊಂದು ಮೋಸ ಐತಿ. ವಿಂಚಿನ ಮ್ಯಾಲೆ 10 ಕ್ವಿಂಟಲ್ ಅಂತ ಬರದಿದ್ರ ಅದು ಜಗ್ಗೋ ಲೆಕ್ಕ, ಅದೂ ಹಗ್ಗ ಒಂದ ಪದರ ಉಳದಾಗಿನ ಲೆಕ್ಕ. ಪದರದ ಮ್ಯಾಲೆ ಪದರ ಬಂದಷ್ಟೂ ಬಲ ಇಳೀತೈತಿ. ತೂಗ ಹಾಕಿ ಎತ್ತಬ್ಯಾಡ್ರಿ ಅಂತ ಮಾಡಿದವರ ಬರದಿರ್ತಾರ. ಓದೋರು ಯಾರು?

ಕಾಕಾ: ಜಗ್ಗೂದು ಬ್ಯಾರೆ, ಎತ್ತೂದು ಬ್ಯಾರೆ. ಬಂತಲ್ಲ ಅಲ್ಲಿಗೇ.

ಹುಡುಗಿ: ಇನ್ನೊಂದು ಲೆಕ್ಕ ಹೇಳತೀನಿ ನೋಡ್ರಿ.

(ಅವಳು ಬುಟ್ಟಿಯಿಂದ ಒಂದು ಉಂಡೆ ಎರಿ ಮಣ್ಣು ತೆಗೆದು ಗಾಡಿಯಂತೆ ಉದ್ದಕ್ಕೆ ತಿದ್ದಿದಳು, ಕೆಳಗೆ ಎರಡು ಅಡಿಕೆ ಗಾಲಿಯಾದವು. ಕಾಕಾ ಅಡಿಕೆಯ ಕಡೆ ಸ್ವಲ್ಪ ಬೇಸರದಿಂದಲೇ ನೋಡಿದರು.)

ಹುಡುಗಿ: ಗಾಡಿ 300 ಕಿಲೋ. ಮುಂದಿನ ಗಾಲಿ ಮ್ಯಾಲೆ 150, ಹಿಂದಿನದರ ಮ್ಯಾಲೆ 150. ಎರಡರ ನಡುವ ನಾಕು ಫೂಟು. ಈಗ ಹಿಂದಿನ ಗಾಲಿಯಿಂದ ಮೂರು ಫೂಟು ಹಿಂದ 100 ಕಿಲೋ ತೂಗ ಹಾಕ್ರಿ. 100 ಮೂರಲೆ 300. ಅದನ್ನ ನಾಕರಿಂದ ಭಾಗಿಸಿದ್ರ 75. ಮುಂದಿನ ಗಾಲಿಯಿಂದ 75 ಕಿಲೋ ಎದ್ದು ಹೋತು. ಇನ್ನ ಅದರ ಮ್ಯಾಲೆ ಉಳದದ್ದು 75 ಅಷ್ಟ.

ಕಾಕಾ: 200 ಕಿಲೋ ಹಾಕಿದ್ರ ಮುಂದಿನ ಗಾಲಿ ನೆಲಾ ಬಿಡ್ತು.

ಹುಡುಗಿ: ಬಿಡ್ತು. ಹ್ಯಾಂಡಲ್ ತಿರುವಿದ್ರ ಗಾಳ್ಯಾಗ ತಿರುಗತೈತಿ. ತೋಳು ನೂರು ಸಲ ಎತ್ತಲಿ, ಗಾಡಿ ಹೊರಾಕ ಆಗಬೇಕಲ್ಲ? ನಮ್ಮ ಮಿನಿಗೂ ಇದ ಲೆಕ್ಕ. ಅದಕ್ಕ ಮೂತಿ ಮುಂದ ಕಬ್ಬಿಣದ ತೂಕ ಹಚ್ಚೂದು. ಭಾರಾ ಗಾಲಿಗೆ ಹತ್ತಿರ ಇರಬೇಕು, ನೆಲಕ್ಕ ಹತ್ತಿರ ಇರಬೇಕು.

ಕಾಕಾ: ಇದನ್ನ ತಿಳಕೊಳ್ಳಾಕ ಪುಣೇಕ್ಕ ಹೋಗಬೇಕಾಗಿತ್ತೇನು? ನಿನ್ನ ಕಾಕಿ ಕೊಡ ಹೊರೂದು ನೋಡು. ಟೊಂಕಕ್ಕ ಒತ್ತಿ ಹಿಡೀತಾಳ. ಕೈ ಚಾಚಿ ಹಿಡಿ ಅಂದ್ರ ನಾಕು ಹೆಜ್ಜಿ ಬರಂಗಿಲ್ಲ. ಆದ್ರ ನಾ ಒಂದು ಹೇಳತೀನಿ, ಇದು ನಿನ್ನ ಲೆಕ್ಕದಾಗ ಇಲ್ಲ. ಎತ್ತೂದ್ರಾಗ ಮೋಸ ಇಲ್ಲ. ಇಳಸೂದ್ರಾಗ ಐತಿ.

(ಎಡಗೈ ಹೆಬ್ಬೆರಳು ತೋರಿಸಿದರು. ಉಗುರಿನ ಜಾಗದಲ್ಲಿ ಕರ್ರಗೆ ಒಂದು ಗುಳಿ.)

ಕಾಕಾ: ಮೂರು ವರ್ಷದ ಹಿಂದ ಕುಂಟಿ ಎತ್ತಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಬಂದ್ ಆತಲ್ಲ, ಇನ್ನೇನು ಅಂತ ಕೆಳಗ ಕೈ ಹಾಕಿ ಬೋಲ್ಟ್ ಬಿಗಿ ಮಾಡಾಕತ್ತಿದ್ದೆ. ಓಣಿ ಹುಡುಗ ಒಂದು ಸೀಟ್ ಮ್ಯಾಲೆ ಹತ್ತಿ ಹಿಡಿಕಿ ಮುಂದ ಒತ್ತಿತು. ಎಂಜಿನ್ ಬಂದ್ ಇದ್ರೇನು, ಇಳಿಯಾಕ ಎಂಜಿನ್ ಬೇಕಾಗಿಲ್ಲ. ಎಣ್ಣಿ ಹಿಂದಕ್ಕ ಹೋಗಾಕ ದಾರಿ ಸಿಕ್ರ ಸಾಕು, ತೂಕಾನ ತನ್ನ ಕೆಲಸ ಮಾಡತೈತಿ. ಹುಡುಗಂದೇನು ತಪ್ಪಿಲ್ಲ, ನಂದ ತಪ್ಪು. ಕೆಳಗ ಒಂದು ಕಟಗಿ ದಿಮ್ಮಿ ಇಟ್ಟಿದ್ರ ಮುಗೀತಿತ್ತು. ಅವತ್ತಿನಿಂದ ಸಾಮಾನು ನೆಲಕ್ಕ ಇಳಿಸಿದ ಮ್ಯಾಲೆನ ನಾ ಕೆಳಗ ಇಳಿಯೂದು.

ಹುಡುಗಿ: ಹಂಗಾದ್ರ ನಮಗ ಬೇಕಾಗಿದ್ದು ಎತ್ತರಕ್ಕ ಎತ್ತೋ ತೋಳ ಅಲ್ರಿ.

ಕಾಕಾ: ಮತ್ತ?

ಹುಡುಗಿ: ಡಬ್ಬಿ ಎದಿಮಟ ಐತಿ ಅಂತ ತಾನ ಇಷ್ಟೆಲ್ಲಾ ಎತ್ತೂದು? ಡಬ್ಬಿ ಬಿಚ್ಚಿ ಇಡೂನು. ಹಿಂದಿನ ಮೂರು ಕೀಲಿಗೆ ಒಂದು ಕಬ್ಬಿಣದ ಹಲಗಿ. ನಾಕು ಫೂಟು ಅಗಲ, ಮೂರು ಫೂಟು ಉದ್ದ. ಪೂರ್ತಿ ನೆಲಕ್ಕ ಇಳಿಸೂದು, ಚೀಲಾ ಹೊಳ್ಳಿಸಿ ಅದರ ಮ್ಯಾಲೆ ಹಾಕೂದು, ಒಂದು ಫೂಟು ಎತ್ತಿ ನಡಿಯೂದು. ನಾಕೈದು ಕ್ವಿಂಟಲ್ ಒಳಗ. ಹೊರದೇಶದಾಗ ಸಣ್ಣ ಟ್ರ್ಯಾಕ್ಟರಿಗೆ ಇಂಥಾ ಪೆಟ್ಟಿಗಿ ಹಚ್ಚತಾರ. ಕುಂದಗೋಳದಾಗ ಯಾವ ವೆಲ್ಡಿಂಗ್ ಅಂಗಡ್ಯಾಗೂ ಮಾಡಿ ಕೊಡತಾರ.

ಕಾಕಾ: ನಮ್ಮ ಅಣ್ಣಿಗೇರಿ ನಡಕಟ್ಟಿನ ಅವರು ಹಂಗ ಮಾಡಿದವರು. ಅಬ್ದುಲ್ ಖಾದರ್ ನಡಕಟ್ಟಿನ. ಹೊರಗಿನ ಮಷೀನು ತಂದು ಕುಂದರಸಲಿಲ್ಲ. ಬೀಜ ಗೊಬ್ಬರ ಕೂಡೇ ಬಿತ್ತೋ ಕೂರಿಗಿ ಮಾಡಿದ್ರು, ಹುಣಸಿಹಣ್ಣಿನ ಬೀಜಾ ತಗಿಯೋ ಯಂತ್ರ ಮಾಡಿದ್ರು. 2022ರಾಗ ಪದ್ಮಶ್ರೀ ಬಂತು. ತಮ್ಮ ಹೊಲದಾಗ ಏನು ನಡೀವಲ್ದು ಅದನ್ನ ಮೊದಲ ನೋಡಿದ್ರು, ಆಮ್ಯಾಲೆ ಕಬ್ಬಿಣ ಮುಟ್ಟಿದ್ರು.

ಹುಡುಗಿ: ನಮ್ಮದರಾಗ ಏನು ನಡೀವಲ್ದು ಅಂದ್ರ, ಸಾಲಿನಿಂದ ಬದುವಿನ ತನಕ ಇನ್ನೂರು ಹೆಜ್ಜಿ. ಅಷ್ಟ.

ಕಾಕಾ: ಹಸಿ ಇದ್ದಾಗ ಇದೂ ನಡಿಯಂಗಿಲ್ಲ, ತಿಳಕೊ. ಹೆಸರಿಗೆ ಬರಂಗಿಲ್ಲ. ಮೆಣಸಿನಕಾಯಿಗೆ ಬರ್ತೈತಿ, ಹತ್ತಿಗೆ ಬರ್ತೈತಿ. ಆ ಹೊತ್ತಿಗೆ ನೆಲಾ ಬಿರುಸಾಗಿರ್ತೈತಿ. ಹತ್ತಿ ಅಂಡಿಗಿ ತೂಕಕ್ಕಿಂತ ಗಾತ್ರ ದೊಡ್ಡದು, ಹಲಗಿ ನಾಕು ಫೂಟು ಸಾಲಂಗಿಲ್ಲ, ಐದು ಮಾಡ್ಸು. ಕೂಲಿಯವರು ಏನಂತಾರೋ. ಒಂದು ದಿನದ ಕೂಲಿ ಹೋತು ಅನ್ನಬಾರದು.

ಹುಡುಗಿ: ಹೊರೂದಕ್ಕ ಕೂಲೀನ ಕೊಡದಾಗ ಹೋಗೂದೇನ್ರಿ? ಬಿಡಿಸೋ ತಾಸು ಉಳೀತೈತಿ. ತೂಕದ ಲೆಕ್ಕದಾಗ ಅವರಿಗೇ ಹೆಚ್ಚು ಬರ್ತೈತಿ.

ಕಾಕಾ: ದಿನದ ಲೆಕ್ಕದಾಗ ನನಗ ಹೆಚ್ಚು ಬರ್ತೈತಿ. ಅದನ್ನೂ ಹೇಳು.

(ಹುಡುಗಿ ನಕ್ಕಳು. ಟ್ರ್ಯಾಕ್ಟರಿನ ಹಿಂದೆ ಹೋಗಿ ಟೇಪು ಹಿಡಿದು ಎರಡು ತೋಳುಗಳ ನಡುವಿನ ಅಳತೆ ತೆಗೆಯತೊಡಗಿದಳು. ಮಳೆ ಮತ್ತೆ ಹನಿಯುತ್ತಿತ್ತು.)

ಹುಡುಗಿ: ಕಾಕಾ, ಹಲಗಿ ದಪ್ಪ ಎಷ್ಟಿರಬೇಕು? ಕೆಳಗ ಪಟ್ಟಿ ಹಾಕಿದ್ರ ನೆಲದಿಂದ ನಾಕು ಇಂಚು ಮ್ಯಾಲೆ ಬರ್ತೈತಿ. ಅಷ್ಟು ಎತ್ತಿ ಇಡಬೇಕಾಗತೈತಿ ಚೀಲಾ.

(ಒಳಗಿನಿಂದ ಕಾಕಿ. ಇಷ್ಟು ಹೊತ್ತು ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು.)

ಕಾಕಿ: ತುಂಬಿದ ಚೀಲಾ ಯಾಕ ಎತ್ತತೀರಿ? ಖಾಲಿ ಚೀಲಾನ ಹಲಗಿ ಮ್ಯಾಲೆ ನಿಂದ್ರಸ್ರಿ. ಬಿಡಿಸಿದಾಕಿ ಬಂದು ಉಡಿ ಸುರುವಿ ಹೋಗತಾಳ.

(ಇಬ್ಬರೂ ಸುಮ್ಮನಾದರು.)

ಕಾಕಾ: ಹಂಗಾದ್ರ ಮೂರು ಕಡೆ ತಡಿಕಿ ಬೇಕಾಗತೈತಿ ಅವ್ವಿ, ಚೀಲಾ ವಾಲಬಾರದು. ಪೈಪ್ ಎಷ್ಟು ಹೆಚ್ಚಿಗಿ ಹತ್ತತೈತಿ, ವೆಲ್ಡಿಂಗ್‌ದಾಂವಗ ಫೋನ್ ಹಚ್ಚಿ ಕೇಳು.